ಬಾನೆಟ್ಟಿನ ಮೇಲಿನ ಬನ್ನಿ

ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಒಂದು ಸಮಾಧಾನ ಇರುತ್ತದೆ. ‘ಪಾಪ, ನನಗೇನು ಗೊತ್ತಿತ್ತು’ ಎಂದು ನಮ್ಮ ಬೆನ್ನನ್ನು ನಾವೇ ಸವರಿಕೊಳ್ಳಬಹುದು. ಗೊತ್ತಿದ್ದೂ ಮಾಡಿದ ತಪ್ಪಿಗೆ ಆ ಸುಖವೂ ಇಲ್ಲ. ನನ್ನದು ಈ ಎರಡನೆಯ ನಮೂನೆಯದು. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ತುಕ್ಕಿನ ಪಾಠ ಮಾಡುತ್ತ ಬಂದಿದ್ದೇನೆ. ಮೂರು ಗಾಜಿನ ನಳಿಗೆ, ಮೂರು ಮೊಳೆ. ಮೊದಲನೆಯದರಲ್ಲಿ ಒಣ ಗಾಳಿ ಮಾತ್ರ. ಮೊಳೆ ಹೊಸದರಂತೆಯೇ ಇರುತ್ತದೆ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಮೇಲೊಂದು ಪದರ ಎಣ್ಣೆ. ಆಗಲೂ ಮೊಳೆಗೆ ಏನೂ ಆಗುವುದಿಲ್ಲ. ಮೂರನೆಯದರಲ್ಲಿ ನೀರೂ ಇದೆ, ಗಾಳಿಯೂ ಇದೆ. ವಾರದೊಳಗೆ ಮೊಳೆ ಕೆಂಪಾಗುತ್ತದೆ. ‘ಕಬ್ಬಿಣಕ್ಕ ತುಕ್ಕ ಹಿಡೀಬೇಕಂದ್ರ ಏನೇನ ಬೇಕು’ ಎಂದು ನಾನು ಕೇಳಿದರೆ ಇಡೀ ವರ್ಗ ‘ನೀರು, ಗಾಳಿ’ ಎಂದು ಒಂದೇ ದನಿಯಲ್ಲಿ ಕೂಗುತ್ತದೆ. ಆ ಕೂಗಿಗೆ ಹೆಡ್‌ಮಾಸ್ತರರು ಏನೋ ಗಲಾಟೆಯಾಯಿತೆಂದು ಎರಡು ಸಲ ಹೊರಗೆ ಬಂದು ನೋಡಿದ್ದೂ ಉಂಟು. ಇಷ್ಟು ಚೆನ್ನಾಗಿ ಪಾಠ ಮಾಡುವ ಮನುಷ್ಯ ತನ್ನ ಮನೆಯ ಮುಂದೆಯೇ, ಓಣಿಗೆಲ್ಲ ಕಾಣುವಂತೆ, ನಾಲ್ಕು ಗಾಲಿಯ ಮೂರನೆಯ ನಳಿಗೆಯೊಂದನ್ನು ತಯಾರು ಮಾಡಿ ಇಟ್ಟ. ಅದನ್ನು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಹೆಂಡತಿ ಅನ್ನುತ್ತಾಳೆ. ಕೇಳಿದವರು ಮೊದಲು ನಗುತ್ತಾರೆ ಎಂಬುದನ್ನು ಅವಳು ಹೇಳಿರಲಿಲ್ಲ.

ಗಾಡಿ ನನ್ನದಲ್ಲ. ನಮ್ಮ ಮಾವನವರದು, ಅಂದರೆ ನನ್ನ ಹೆಂಡತಿ ಗಿರಿಜಾಳ ತಂದೆಯದು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಅವರ ಹೊಲ, ಮನೆ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲ ಸೇರಿ ಹದಿನಾಲ್ಕು ಮಂದಿಗೆ ಒಂದೇ ಒಲೆ. ಆ ಹದಿನಾಲ್ಕು ಮಂದಿಗಿಂತ ಅವರಿಗೆ ನೀಲಿ ಕಾರಿನ ಮೇಲೆ ಒಂದು ಗುಂಜಿ ಹೆಚ್ಚೇ ಪ್ರೀತಿ ಎಂದು ಅತ್ತೆಯವರು ಬಹಳ ಹಿಂದೆಯೇ ತೀರ್ಮಾನಿಸಿ ಸುಮ್ಮನಾಗಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಹಳೆಯ ಧೋತರದ ತುಂಡು ಹಿಡಿದು ಮಾವನವರು ಗಾಡಿ ಒರೆಸಲು ನಿಲ್ಲುತ್ತಿದ್ದರು. ಬಾನೆಟ್ಟಿನ ಮೇಲ್ಮೈ ಒರೆಸಿದರೆ ಸಾಲದು, ಎತ್ತಿ ನಿಲ್ಲಿಸಿ ಅದರ ಒಳಮೈಯನ್ನೂ ಒರೆಸಿ, ಅಂಚಿನ ಮಡಿಕೆಗೆಲ್ಲ ಬೆರಳಿನಿಂದ ಎಣ್ಣೆ ಸವರುತ್ತಿದ್ದರು. ‘ಕಾಣದ ಕಡೆ ಯಾಕ್ರಿ ಮಾವಾರ?’ ಎಂದು ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ. ‘ಕಾಣೂ ಕಡೆ ಏನರ ಆದ್ರ ಮಂದಿ ಹೇಳ್ತಾರ್ರಿ ಮಾಸ್ತರ. ಕಾಣದ ಕಡೆ ಯಾರ ಹೇಳಬೇಕು?’ ಎಂದಿದ್ದರು. ಅಳಿಯನಾದ ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ, ಮೊದಲಿನಿಂದಲೂ ‘ಮಾಸ್ತರ’ ಎಂದೇ. ಓದಿದವನೆಂಬ ಗೌರವ. ಆ ಗೌರವವೇ ಆಮೇಲೆ ನನ್ನನ್ನು ಚುಚ್ಚಿದ್ದು.

ಅವರು ಆ ಗಾಡಿ ಕೊಂಡಾಗ ಊರಿನಲ್ಲಿ ಇನ್ನೊಂದು ಕಾರು ಇರಲಿಲ್ಲವಂತೆ. ಹೆರಿಗೆ ಬೇನೆ ಎಂದರೆ, ಹಾವು ಮುಟ್ಟಿತು ಎಂದರೆ, ಜನ ಮೊದಲು ಓಡಿ ಬರುತ್ತಿದ್ದದ್ದು ಇವರ ಬಾಗಿಲಿಗೆ. ಇವರು ಉಣ್ಣುತ್ತಿದ್ದ ಗಂಗಾಳ ಹಾಗೇ ಬಿಟ್ಟು ರಾಮದುರ್ಗದ ದವಾಖಾನೆಗೆ ಗಾಡಿ ಹೊಡೆಯುತ್ತಿದ್ದರು. ಒಂದು ಹೆಣ್ಣುಕೂಸಿಗಂತೂ ರಾಮದುರ್ಗ ಮುಟ್ಟುವಷ್ಟು ತಾಳ್ಮೆ ಇರಲಿಲ್ಲ, ಹಿಂದಿನ ಸೀಟಿನಲ್ಲೇ ಹುಟ್ಟಿಬಿಟ್ಟಿತು. ನೀಲಿ ಗಾಡಿಯಲ್ಲಿ ಹುಟ್ಟಿದ್ದಕ್ಕೆ ನೀಲವ್ವ ಎಂದೇ ಹೆಸರಿಟ್ಟರು. ನೀಲವ್ವ ಈಗ ಅದೇ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೇ ಎರಡು ಮಕ್ಕಳಿವೆ.

ಈ ಋಣವನ್ನು ಸಾಲಹಳ್ಳಿಯವರು ಮರೆತಿರಲಿಲ್ಲ. ದಸರೆಯ ದಿನ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಂಚಿಕೊಳ್ಳುತ್ತೇವಲ್ಲ, ಅವತ್ತಿನ ಮಟ್ಟಿಗೆ ಅದು ಎಲೆಯಲ್ಲ, ಬಂಗಾರ. ಹಿರಿಯರ ಕೈಗೆ ಬನ್ನಿ ಕೊಟ್ಟು, ಕಾಲಿಗೆರಗಿ, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುವುದು ಎಲ್ಲ ಊರಿನ ಪದ್ಧತಿ. ಸಾಲಹಳ್ಳಿಯಲ್ಲಿ ಇನ್ನೂ ಒಂದಿದೆ. ಹಿರಿಯರಿಗೆಲ್ಲ ಕೊಟ್ಟು ಮುಗಿಸಿದ ಮೇಲೆ ಜನ ಮಾವನವರ ಬಾಗಿಲಿಗೆ ಬಂದು, ಹಾರ ಹಾಕಿ ನಿಲ್ಲಿಸಿದ ಗಾಡಿಯ ಬಾನೆಟ್ಟಿನ ಮೇಲೂ ನಾಲ್ಕು ಎಲೆ ಇಟ್ಟು ಕೈ ಮುಗಿದು ಹೋಗುತ್ತಾರೆ. ಮೊದಲ ಬನ್ನಿ ನೀಲವ್ವನದು. ಎಲ್ಲರೂ ಇಟ್ಟಾದ ಮೇಲೆ ಮಾವನವರು ಹೆಗಲ ಮೇಲಿನ ವಲ್ಲಿಯನ್ನು ಒಡ್ಡಿ, ಒಂದೂ ನೆಲಕ್ಕೆ ಬೀಳದಂತೆ ಎಲೆಗಳನ್ನು ಬಾಚಿಕೊಂಡು, ಗಂಟು ಕಟ್ಟಿ ಗಾಡಿಯ ಮುಂದಿನ ಖಾನೆಯಲ್ಲಿ ಇಡುವರು. ಮುಂದಿನ ದಸರೆಯವರೆಗೆ ಅದು ಅಲ್ಲೇ. ಕಾಗದ ಪತ್ರ ಇಡಲು ಜಾಗ ಸಾಲದೆ ಲೈಸೆನ್ಸನ್ನು ಅವರು ಟೊಪ್ಪಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಮಾವನವರಿಗೆ ಕಣ್ಣು ಮಂಜಾಗಿ, ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದಾಗ ಅದು ನಮ್ಮ ಪಾಲಿಗೆ ಬಂತು. ಗಂಡುಮಕ್ಕಳಿಬ್ಬರಿಗೂ ಟ್ರ್ಯಾಕ್ಟರ್ ಇತ್ತು, ದೊಡ್ಡವನಿಗೆ ಹೊಸ ಕಾರೂ ಇತ್ತು. ‘ನೀವು ಜ್ವಾಕಿಲೆ ಇಟ್ಕೋತೀರಿ’ ಎಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟರು. ಕೇಳಿದ್ದು ಒಂದೇ ಒಂದು, ‘ದಸರಾಕ್ಕ ಅಷ್ಟ ತಪ್ಪದ ಊರಿಗೆ ತರ್ರಿ. ಮಂದಿ ಬನ್ನಿ ಹಿಡಕೊಂಡ ಬಂದಿರ್ತಾರ.’ ನಾನು ಆಗಲಿ ಅಂದೆ. ನನಗೆ ಮಾತು ಕೊಡುವುದರಲ್ಲಿ ಯಾವತ್ತೂ ತೊಂದರೆ ಆಗಿಲ್ಲ.

ತೊಂದರೆ ಶುರುವಾದದ್ದು ಸವದತ್ತಿಯ ಎಲ್ಲಮ್ಮನ ಗುಡ್ಡದ ಏರಿನಲ್ಲಿ. ಬೇಸಿಗೆಯ ಒಂದು ದಿನ ಗಿರಿಜಾಳ ಜೊತೆ ಗುಡ್ಡಕ್ಕೆ ಹೊರಟಿದ್ದೆ. ಅರ್ಧ ಏರುವಷ್ಟರಲ್ಲಿ ಕಾವಿನ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ರಸ್ತೆಯ ಬದಿಗೆ ನಿಂತು, ಕುಡಿಯುವ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು, ಹೋಗಿ ಬರುವ ಭಕ್ತರಿಂದೆಲ್ಲ ‘ಏನಾತ್ರಿ?’ ಅನ್ನಿಸಿಕೊಂಡು ಹೇಗೋ ಮನೆಗೆ ಬಂದೆವು. ಮರುದಿನ ಶಾಲೆಯಲ್ಲಿ ಈ ಕಥೆ ಹೇಳಿದಾಗ ನಮ್ಮ ಡ್ರಿಲ್ ಮಾಸ್ತರರು ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದರು. ರೇಸಿನ ಕಾರು. ಅದರ ಬಾನೆಟ್ಟಿನ ಮೇಲೆ ಎರಡೂ ಬದಿಗೆ ಮೀನಿನ ಕಿವಿರಿನ ಹಾಗೆ ಸೀಳುಗಳು. ‘ಕಾವು ಇಲ್ಲಿಂದ ಹೊರಗ ಹೊಕ್ಕೈತಿ ನೋಡ್ರಿ’ ಎಂದರು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಏಳನೆಯ ತರಗತಿಯ ಪಾಠ. ಇಷ್ಟು ಸರಳ ವಿಜ್ಞಾನ ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆ ತಪ್ಪು ಜಾಗದಲ್ಲಿ ಬಂದಿತ್ತು ಎನ್ನುವುದು ಆಮೇಲೆ ತಿಳಿಯಿತು.

ಬೈಲಹೊಂಗಲದಲ್ಲಿ ಗಾಡಿಯ ತಗಡು ಕೆಲಸಕ್ಕೆ ದಸ್ತಗೀರ್ ಎಂದರೆ ದಸ್ತಗೀರ್. ನೆಗ್ಗಿದ ಬಾಗಿಲನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಅಳುವ ಮಗುವನ್ನು ರಮಿಸಿದ ಹಾಗೆ ಸರಿ ಮಾಡುತ್ತಾನೆ. ಅವನು ನನ್ನ ಮಾತನ್ನೆಲ್ಲ ಕೇಳಿ, ಬಾನೆಟ್ಟಿನ ಮೇಲೆ ಬೆರಳಿನಿಂದ ಟಕ್ ಟಕ್ ಅನ್ನಿಸಿ ನೋಡಿದ. ‘ಇಂಥಾ ತಗಡ ಈಗ ಬರಂಗಿಲ್ರಿ ಸರ. ಯಾರೋ ಭಾಳ ಚೊಲೋ ಇಟ್ಟಾರ. ಮೊದಲ ಗಾಡಿ ಯಾಕ ಕಾಯ್ತೈತಿ ಮೆಕ್ಯಾನಿಕ್‌ಗೆ ತೋರಸ್ರಿ. ಕೊಯ್ಯೂದು ಎಂದಿದ್ರೂ ಐತಿ’ ಎಂದ. ನಾನು ಬಿಸಿ ಗಾಳಿಯ ಪಾಠ ಮಾಡಿದೆ. ಅವನು ಬೀಡಿ ಆರುವವರೆಗೆ ಕೇಳಿ, ‘ಕಾವು ಮ್ಯಾಲ ಹೋಗ್ತೈತಿ, ಖರೇ ಐತ್ರಿ. ಮಳಿ ನೀರ ಎತ್ತಾಗ ಹೋಗ್ತೈತಿ?’ ಎಂದ. ಇಂಜಿನ್ನಿನ ಕಾವಿಗೆ ಆವಿಯಾಗಿ ಹೋಗುತ್ತದೆ ಎಂದೆ. ‘ನಿಂತ ಗಾಡಿಗೆ ಎಲ್ಲಿ ಕಾವು ಬರ್ತೈತ್ರಿ ಸರ?’ ಎಂದ. ಈ ಪ್ರಶ್ನೆಯನ್ನು ನನ್ನ ವರ್ಗದಲ್ಲಿ ಯಾರಾದರೂ ಕೇಳಿದ್ದರೆ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದೆ. ಅವನು ಕೇಳಿದ್ದಕ್ಕೆ, ‘ನೀ ಕೊಯ್ಯೋ ಮಾರಾಯ’ ಎಂದೆ.

ಕಟರಿನ ಹಲ್ಲು ಆ ನೀಲಿ ತಗಡಿಗೆ ತಾಗಿದಾಗ ಒಂದು ಸದ್ದು ಬಂತು. ನಿಲ್ಲಿಸು ಅನ್ನಬಹುದಿತ್ತು. ಆಗ ಒಂದೇ ಸೀಳು ಬಿದ್ದಿತ್ತು, ಬೆಸುಗೆ ಹಾಕಿ ಮುಚ್ಚಬಹುದಿತ್ತು. ಇನ್ನೂ ಒಂಬತ್ತು ಬೀಳುವವರೆಗೆ ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಮುಗಿದ ಮೇಲೆ ದಸ್ತಗೀರ್ ಸೀಳುಗಳ ಕೆಳಗೆ ತಗಡಿನದೊಂದು ತಾಟು ಕೂರಿಸಿ, ಅದರ ಮೂಲೆಗೆ ಕಿರುಬೆರಳು ಗಾತ್ರದ ಪೈಪು ಸಿಕ್ಕಿಸಿದ. ‘ನೀರ ಈ ತಾಟಿಗೆ ಬಿದ್ದು ಪೈಪಿನ್ಯಾಗ ಹಾದು ನೆಲಕ್ಕ ಹೋಗ್ತೈತಿ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಪೈಪ್ ನೋಡ್ರಿ ಸರ. ಎಲಿ ಗಿಲಿ ಕುಂತ್ರ ನೀರ ಅಲ್ಲೇ ನಿಂದರತೈತಿ. ಮತ್ತ ಕೊಯ್ದ ಅಂಚಿಗೆ ಪ್ರೈಮರ್ ಹಚ್ಚೇನಿ, ಎರಡ ದಿನ ಒಣಗಲಿ, ಆಮ್ಯಾಲ ಬಣ್ಣ ಎರಡ ಕೈ ಬರ್ತೈತಿ. ಗುರುವಾರ ಒಯ್ರಿ’ ಎಂದ. ನಾನು ಬುಧವಾರವೇ ಒಯ್ದೆ, ಒಂದೇ ಕೈ ಬಣ್ಣ ಹೊಡೆಸಿ. ಯಾಕೆಂದರೆ ಬುಧವಾರ ಕಿತ್ತೂರಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿ ಇತ್ತು, ನಾಲ್ಕು ಮಂದಿ ಗಾಡಿ ನೋಡುವವರಿದ್ದರು.

ನೋಡಿದರು. ‘ಏನ್ರಿ ಸರ, ರೇಸಿಗೆ ಬಿಟ್ಟೀರೇನು?’ ಎಂದು ಕೇಳಿದರು. ಹೋಳಿಗೆ ಊಟಕ್ಕಿಂತ ಆ ಮಾತು ರುಚಿಯಾಗಿತ್ತು. ನಾನು ಬಾನೆಟ್ಟಿಗೆ ಒರಗಿ ನಿಂತು, ಗಾಳಿಯ ಒತ್ತಡ, ಉಷ್ಣದ ಪ್ರಸರಣ ಎಂದೆಲ್ಲ ಅರ್ಧ ತಾಸು ಮಾತಾಡಿದೆ. ಗಿರಿಜಾ ದೂರದಿಂದ ಕೈಸನ್ನೆ ಮಾಡಿ ಮಾತು ಮುಗಿಸಲು ಹೇಳುತ್ತಿದ್ದಳು. ಅವಳಿಗೆ ಬಾನೆಟ್ಟು ಮೊದಲ ದಿನದಿಂದಲೇ ಸೇರಿರಲಿಲ್ಲ. ‘ಅಪ್ಪ ನೋಡಿದ್ರ ಏನಂತಾರು?’ ಎಂದು ಕೇಳಿದ್ದಳು. ‘ಅವರಿಗೆ ತಿಳಿಸಿ ಹೇಳತೇನಿ’ ಎಂದಿದ್ದೆ.

ಆ ವರ್ಷ ದಸರೆಗೆ ಗಾಡಿ ಸಾಲಹಳ್ಳಿಗೆ ಹೋಯಿತು. ಮಾವನವರು ಬಾಗಿಲಲ್ಲೇ ಕಾಯುತ್ತಿದ್ದರು. ದಪ್ಪ ಕನ್ನಡಕದಿಂದ ಅವರಿಗೆ ಗಾಡಿ ಒಂದು ನೀಲಿ ರಾಶಿಯ ಹಾಗೆ ಕಾಣುತ್ತದೆ ಅಷ್ಟೆ, ಹಾಗಾಗಿ ಕೈಯಿಂದಲೇ ನೋಡುತ್ತಾರೆ. ಗಾಡಿಯ ಮುಂದಿನ ದೀಪದಿಂದ ಶುರು ಮಾಡಿ ಬಾನೆಟ್ಟಿನ ಮೇಲೆ ಅಂಗೈ ಸರಿಸುತ್ತ ಬಂದರು. ಸೀಳಿನ ಹತ್ತಿರ ಕೈ ನಿಂತಿತು. ‘ಇದೇನ್ರಿ ಮಾಸ್ತರ, ಬಾಯಿ ಬಿಟ್ಟೈತಿ?’ ಎಂದರು. ‘ಹೊಸಾ ನಮೂನಿರಿ ಮಾವಾರ. ಇಂಜಿನ್ ತಂಪ ಇರ್ತೈತಿ.’ ‘ನೀರ ಇಳಿಯೂದಿಲ್ಲೇನು?’ ‘ಒಂದ ಹನಿ ಇಳಿಯೂದಿಲ್ರಿ’ ಎಂದೆ. ತಾಟಿನ ವಿಷಯ, ಪೈಪಿನ ವಿಷಯ ಹೇಳಬೇಕಿತ್ತು. ಅದನ್ನು ಹೇಳಿದರೆ ನೀರು ಒಳಗೆ ಬರುತ್ತದೆ ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ. ಮಾವನವರು, ‘ನೀವು ಓದಿದವರು, ನಿಮಗ ತಿಳಿದಿರತೈತಿ ಬಿಡ್ರಿ’ ಎಂದರು.

ಸಂಜೆ ಜನ ಬಂದರು. ನೀಲವ್ವ ಮೊದಲ ಬನ್ನಿ ಇಟ್ಟಳು. ಬನ್ನಿ ಎಲೆ ನೋಡಿದ್ದೀರಲ್ಲ, ಹುಣಸೆ ಎಲೆಯಷ್ಟೇ ಸಣ್ಣದು. ಅವಳು ಕೈ ಮುಗಿದು ಈಚೆ ಸರಿಯುವಷ್ಟರಲ್ಲಿ ಅವಳ ಬಂಗಾರದಲ್ಲಿ ಅರ್ಧ ಸೀಳಿನೊಳಗೆ ಜಾರಿತ್ತು. ಹಿಂದೆಯೇ ಊರಿಗೆ ಊರೇ ಬಂದು ಇಟ್ಟಿತು, ಊರಿಗೆ ಊರಿನ ಬನ್ನಿ ಒಳಗೆ ಇಳಿಯಿತು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಬಾನೆಟ್ಟು ಎತ್ತಿ ತೆಗೆಯುವುದು ಎರಡು ನಿಮಿಷದ ಕೆಲಸ. ಆದರೆ ಎಲೆ ಇಳಿಯುತ್ತದೆ ಎಂದರೆ ನೀರೂ ಇಳಿಯುತ್ತದೆ ಎಂಬ ಲೆಕ್ಕ ಅಲ್ಲಿದ್ದ ಹಸುಗೂಸಿಗೂ ಹೊಳೆಯುತ್ತಿತ್ತು. ಬೆಳಿಗ್ಗೆ ‘ಒಂದ ಹನಿ’ ಎಂದವನು ಸಂಜೆಗೆ ಹೇಗೆ ಎತ್ತಲಿ? ಗಿರಿಜಾ ನನ್ನ ಮೊಣಕೈ ತಿವಿದು, ‘ತಗೀರಿ ಅದನ್ನ’ ಎಂದಳು. ‘ಮನಿಗೆ ಹೋಗಿ ತಗದರಾತು’ ಎಂದೆ.

ಜನ ಹೋದ ಮೇಲೆ ಮಾವನವರು ವಲ್ಲಿ ಒಡ್ಡಿ ಎಲೆ ಬಾಚಲು ಬಂದರು. ಅತ್ತಿಂದಿತ್ತ ಅಂಗೈ ಸರಿಸಿದರು. ಸಿಕ್ಕಿದ್ದು ಅರ್ಧ ಬೊಗಸೆ. ಮತ್ತೊಮ್ಮೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಈ ಸಲ ಮಂದಿ ಕಡಿಮಿ ಬಂದ್ರೇನ್ರಿ?’ ಎಂದು ಕೇಳಿದರು.

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ನೀವು ನಕ್ಕಿದ್ದರೆ ನನಗೆ ಬೇಸರವಿಲ್ಲ. ಇದೊಂದಕ್ಕೆ ನಗಬೇಡಿ. ‘ಇಲ್ರಿ ಮಾವಾರ, ಎಲ್ಲಾರೂ ಬಂದಿದ್ರು, ಎಲಿ ಒಳಗ ಬಿದ್ದಾವ’ ಅನ್ನಲು ಒಂದು ಉಸಿರು ಸಾಕಿತ್ತು. ನಾನು ಅಂದದ್ದು, ‘ಹೌದ್ರಿ. ಈಗ ಎಲ್ಲಾರ ಮನ್ಯಾಗೂ ಗಾಡಿ ಅದಾವಲ್ರಿ.’ ಅವರು ‘ಹೂಂ, ಅದೂ ಖರೇನ ಐತಿ’ ಎಂದು ಆ ಅರ್ಧ ಬೊಗಸೆಯನ್ನೇ ಗಂಟು ಕಟ್ಟಿದರು. ಗಂಟು ಎಷ್ಟು ಸಣ್ಣದಿತ್ತೆಂದರೆ ಆ ವರ್ಷ ಖಾನೆಯಲ್ಲಿ ಕಾಗದ ಪತ್ರಕ್ಕೂ ಜಾಗ ಆಯಿತು.

ಮನೆಗೆ ಬಂದು ತೆಗೆದೆನೇ ಎಂದು ಕೇಳುತ್ತೀರಿ. ಇಲ್ಲ. ಮೊದಲು ಪರೀಕ್ಷೆಯ ಪೇಪರು ಇದ್ದವು, ಆಮೇಲೆ ಜನಗಣತಿಯೋ ಚುನಾವಣೆಯೋ ಏನೋ ಒಂದು ಮಾಸ್ತರರ ಹಣೆಗೆ ಕಟ್ಟಿದ ಕೆಲಸ ಬಂತು. ನಿಜ ಹೇಳಬೇಕೆಂದರೆ ಆ ಬಾನೆಟ್ಟು ಎತ್ತಲು ನನಗೆ ಮನಸ್ಸಿರಲಿಲ್ಲ. ಅದರ ಕೆಳಗೆ ನನ್ನ ಸುಳ್ಳು ಕೂತಿತ್ತು. ಚಿತ್ತಾ ಮಳೆ ಬಂತು, ಹೋಯಿತು. ಮಳೆಗೆ ಹೆದರಿ ಗಾಡಿಯ ಮೇಲೆ ತಾಡಪತ್ರಿ ಹೊದಿಸಿದೆ. ಅದರಿಂದ ಒಳಗಿನ ನೀರು ಆರಲೂ ಇಲ್ಲ. ಒಂದು ಬೆಳಿಗ್ಗೆ ಗಿರಿಜಾ ರಂಗೋಲಿ ಹಾಕಲು ಹೋದವಳು ಕರೆದಳು. ಗಾಡಿಯ ಕೆಳಗೆ ನೆಲದ ಮೇಲೆ ಕೆಂಪು ಹನಿಗಳು. ‘ಇದೇನ್ರಿ?’ ಎಂದಳು. ‘ಯರಗಟ್ಟಿ ರಸ್ತೆದ ಮಣ್ಣು’ ಎಂದೆ. ಯರಗಟ್ಟಿ ರಸ್ತೆಯ ಮಣ್ಣು ಕಪ್ಪು. ಅವಳು ಅದೇ ರಸ್ತೆಯ ಊರಿನಲ್ಲಿ ಹುಟ್ಟಿದವಳು. ಕೆಂಪು ಹನಿ ಬಿಟ್ಟು ಆಚೆ ರಂಗೋಲಿ ಹಾಕಿದಳು.

ಆ ನಡುವೆ ಸಾಲಹಳ್ಳಿಯಿಂದ ದೊಡ್ಡ ಭಾವಮೈದುನ ಫೋನು ಮಾಡಿದಾಗ ಒಂದು ಮಾತು ಹೇಳಿದ. ‘ಅಪ್ಪ ಯಾಕೋ ಕಟ್ಟಿಗೆ ಹೋಗಿ ಕುಂದರೂದ ಬಿಟ್ಟಾನ್ರಿ. ಕರದ್ರ, ನಾ ಯಾರಿಗೆ ಬೇಕಾಗೇನಿ ಅಂತಾನ.’ ಊರ ನಡುವಿನ ಆ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಒಂದು ತಾಸು ಕೂರುವುದು ಮಾವನವರ ಎಷ್ಟೋ ವರ್ಷಗಳ ರೂಢಿ. ನನಗೆ ಕಾರಣ ಗೊತ್ತಾಯಿತು, ಆ ಅರ್ಧ ಬೊಗಸೆ ಬನ್ನಿ. ‘ವಯಸ್ಸಾತಲ್ರಿ’ ಎಂದು ಫೋನು ಇಟ್ಟೆ. ಅವತ್ತು ರಾಮದುರ್ಗದ ಬಸ್ಸು ಹತ್ತಿ ಹೋಗಿ ಹೇಳಿಬಿಡಬೇಕಿತ್ತು. ಹೋಗಲಿಲ್ಲ. ಆ ಒಂದು ವರ್ಷದಲ್ಲಿ ಅವರು ಕಟ್ಟೆಯ ಮೇಲೆ ಕೂರದ ಒಂದೊಂದು ಬೆಳಗೂ ನನ್ನ ಹೆಸರಿಗೇ ಬರೆದದ್ದು.

ಮರುವರ್ಷದ ದಸರೆಗೆ ಬಾನೆಟ್ಟಿನ ಬಣ್ಣ ಸೀಳುಗಳ ಸುತ್ತ ಹಪ್ಪಳದ ಹಾಗೆ ಉಬ್ಬಿತ್ತು. ಚೆಂಡು ಹೂವಿನ ಹಾರ ಎರಡು ಸುತ್ತು ಹೆಚ್ಚಿಗೆ ಹಾಕಿ ಮುಚ್ಚಿದೆ. ಮಾವನವರು ಪೂಜೆಗೆ ಬಂದರು. ನೀಲವ್ವ ಬನ್ನಿ ಹಿಡಿದು ಆಚೆ ನಿಂತಿದ್ದಳು, ಅವಳ ಹಿಂದೆ ಜನ. ಮಾವನವರು ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು, ಹಾರ ಸರಿಸಿ, ಎಂದಿನಂತೆ ಬಾನೆಟ್ಟಿನ ನಡುವೆ ಎಳೆದರು. ಎರಡು ಸೀಳುಗಳ ನಡುವಿನ ತಗಡು ಕರಿದ ಸಂಡಿಗೆಯಂತೆ ಕರಕ್ ಎಂದಿತು. ಮೂರೂ ಬೆರಳು ಒಳಗೆ ಹೋದವು.

ನನ್ನ ಹೊರತು ಯಾರಿಗೂ ಕಾಣಲಿಲ್ಲ. ಮಾವನವರು ಬೆರಳು ಹೊರಗೆ ತೆಗೆದರು, ತುದಿಯಲ್ಲಿ ವಿಭೂತಿಯ ಜಾಗದಲ್ಲಿ ಕೆಂಪು ಪುಡಿ ಇತ್ತು. ಅದನ್ನು ಮೂಗಿನ ಹತ್ತಿರ ಒಯ್ದು ಮೂಸಿದರು. ನಾನು ನೆಲ ನೋಡುತ್ತಿದ್ದೆ. ಊರ ಮಂದಿಯ ಮುಂದೆ ಅವರು ಏನು ಅಂದಿದ್ದರೂ ನಡೆಯುತ್ತಿತ್ತು, ಅನ್ನಬೇಕಾಗಿಯೂ ಇತ್ತು. ಅವರು ಮಾಡಿದ್ದು ಇಷ್ಟೆ: ಅಂಗೈಯನ್ನು ಅಗಲ ಮಾಡಿ ಆ ತೂತಿನ ಮೇಲೆ ಇಟ್ಟರು. ‘ಬಾರವಾ ನೀಲವ್ವಾ, ಇಡು’ ಎಂದರು. ಅವಳು ಅವರ ಕೈ ಮೇಲೆಯೇ ಬನ್ನಿ ಇಟ್ಟಳು. ಹಿಂದೆ ಬಂದವರೂ ಹಾಗೆಯೇ ಇಟ್ಟರು. ಮುದುಕ ಗಾಡಿಯ ಮೇಲಿನ ಪ್ರೀತಿಗೆ ಕೈ ಇಟ್ಟುಕೊಂಡು ನಿಂತಿದ್ದಾನೆ ಎಂದುಕೊಂಡರು. ಅರ್ಧ ತಾಸು ಅವರು ಕೈ ಎತ್ತಲಿಲ್ಲ. ಅಳಿಯನ ಮಾನ ಮುಚ್ಚಲು ಒಂದು ಅಂಗೈ ಸಾಲುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ಕೈ ಮೇಲಿನ ರಾಶಿಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ವಲ್ಲಿಗೆ ಇಳಿಸಿಕೊಂಡರು. ಎರಡು ಬೊಗಸೆ ತುಂಬಿ ಇನ್ನೂ ಇತ್ತು. ಅದನ್ನು ಕೈಯಲ್ಲಿ ತೂಗಿ ನೋಡಿದರು.

‘ಈ ಸಲ ಮಂದಿ ಭಾಳ ಬಂದಾರ್ರಿ ಮಾಸ್ತರ.’

‘ಹೂಂ ರಿ.’

‘ಹೋದ ವರ್ಷದ್ದು ಒಳಗ ಬಿದ್ದಿತ್ತೇನು?’

‘ಹೂಂ ರಿ ಮಾವಾರ.’

‘ನಿಮಗ ಗೊತ್ತಿತ್ತು?’

ಗೊತ್ತಿರಲಿಲ್ಲ ಅನ್ನಬಹುದಿತ್ತು. ಸುಳ್ಳಿಗೂ ಒಂದು ದಣಿವು ಇರುತ್ತದೆ. ‘ಗೊತ್ತಿತ್ರಿ’ ಎಂದೆ.

ಅವರು ವಲ್ಲಿಯ ಗಂಟು ಕಟ್ಟುತ್ತ, ‘ಒಂದ ವರ್ಷ ನಾ ಊರ ಮಂದೀನ್ನ ತಪ್ಪ ತಿಳಕೊಂಡ ಕುಂತೆ ನೋಡ್ರಿ’ ಎಂದರು. ಬಾನೆಟ್ಟಿನ ಮಾತೇ ಆಡಲಿಲ್ಲ. ಬೈದಿದ್ದರೆ ನಾನೂ ಮೆಕ್ಯಾನಿಕ್ಕು, ಮಳೆ, ತಗಡು ಎಂದು ಏನಾದರೂ ವಾದ ಹೂಡುತ್ತಿದ್ದೆ. ಮರುದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವರು ಮನೆಯಲ್ಲಿ ಇರಲಿಲ್ಲ, ಕಟ್ಟೆಗೆ ಹೋಗಿದ್ದರು. ಹೊರಡುವಾಗ ಬಂದು ಕಾರಿನ ಕಿಟಕಿಯ ಹತ್ತಿರ ಬಗ್ಗಿ, ಎಂದಿನ ಮರ್ಯಾದೆಯಲ್ಲೇ, ‘ಮುಂದಿನ ವರ್ಷ ಬಸ್ಸಿಗೆ ಬರ್ರಿ ಮಾಸ್ತರ’ ಎಂದರು.

ದಸ್ತಗೀರನ ಶೆಡ್ಡಿಗೆ ಹೋದೆ. ಅವನು ಬಾನೆಟ್ಟು ಎತ್ತಿ, ‘ಅಲ್ಲಾ’ ಎಂದು ಹಣೆ ಮುಟ್ಟಿಕೊಂಡ. ತಾಟಿನ ತುಂಬ ಕರಿ ಗೊಬ್ಬರದಂಥ ಹಸಿ ಮುದ್ದೆ. ಪೈಪಿನ ಬಾಯಲ್ಲಿ ಎಲೆ ಬಿರಡೆಯಂತೆ ಕೂತಿತ್ತು. ‘ಬೇವಿನ ಗಿಡದ ಬುಡಕ ನಿಂದರಸಿದ್ರೇನ್ರಿ?’ ಎಂದು ಕೇಳಿದ. ಅಲ್ಲ, ಬನ್ನಿ ಎಲೆ ಎಂದೆ. ಅವನು ಕೆರೆದು ತೆಗೆಯುತ್ತಿದ್ದ ಸ್ಕ್ರೂಡ್ರೈವರನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಆ ಮುದ್ದೆಯನ್ನು ಬೆರಳಿನಿಂದಲೇ ಎತ್ತಿ ಒಂದು ಡಬ್ಬಿಯಲ್ಲಿ ಹಾಕಿ ನನಗೆ ಕೊಟ್ಟ. ‘ಒಗಿಬ್ಯಾಡ್ರಿ ಸರ, ಗಿಡಕ್ಕ ಹಾಕ್ರಿ’ ಎಂದ. ಆಮೇಲೆ ಇಂಜಿನ್ನಿನ ಸುತ್ತ ಕಣ್ಣು ಹಾಯಿಸಿ, ಫ್ಯೂಜಿನ ಡಬ್ಬಿ ತೆಗೆದು, ಉಗುರಿನಷ್ಟು ದೊಡ್ಡದೊಂದು ಫ್ಯೂಜು ಹೊರಗೆಳೆದು ಬೆಳಕಿಗೆ ಹಿಡಿದ. ಸುಟ್ಟಿತ್ತು. ರೇಡಿಯೇಟರಿನ ಫ್ಯಾನಿನ ಫ್ಯೂಜು. ಎಲ್ಲಮ್ಮನ ಗುಡ್ಡದಲ್ಲಿ ಗಾಡಿ ಕಾದದ್ದು ಅದಕ್ಕೆ. ಹೊಸದು ಹಾಕಿದ, ಫ್ಯಾನು ಗಿರ್ ಎಂದು ತಿರುಗಿತು. ಅವನು ನನ್ನ ಮುಖ ನೋಡಲಿಲ್ಲ. ಒಳ್ಳೆಯ ಮನುಷ್ಯ.

ಗುಜರಿಯಲ್ಲಿ ಹುಡುಕಿ ಅದೇ ಗಾಡಿಯ ಹಳೆಯ ಬಾನೆಟ್ಟು ಒಂದನ್ನು ತಂದು ಕೂರಿಸಿದ. ಬಿಳಿಯದು. ನೀಲಿ ಹೊಡೆಸಿರೆಂದು ಅವನು ಹೇಳಿದ, ನಾನೇ ಬೇಡ ಅಂದೆ. ನೀಲಿ ಹೊಡೆಸಿದರೆ ನನಗೆ ಮರೆತುಹೋಗುತ್ತದೆ. ಅದರಲ್ಲಿ ಸೀಳಿಲ್ಲ, ತಾಟಿಲ್ಲ, ಪೈಪಿಲ್ಲ. ಆದರೂ ತಿಂಗಳಿಗೊಮ್ಮೆ ಎತ್ತಿ ನಿಲ್ಲಿಸಿ, ಇಲ್ಲದ ಪೈಪನ್ನು ಬಗ್ಗಿ ನೋಡುತ್ತೇನೆ, ಅಂಚಿಗೆ ಎಣ್ಣೆ ಸವರುತ್ತೇನೆ. ಓಣಿಯವರು ಮಾಸ್ತರರು ಗಾಡಿಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅನ್ನುತ್ತಾರೆ. ಗಿರಿಜಾ ಒಳಗಿನಿಂದ ಕೆಮ್ಮುತ್ತಾಳೆ.

ಈ ಸಲದ ದಸರೆಗೆ ಬಸ್ಸಿಗೇ ಹೋದೆವು. ಸಂಜೆ ಜನ ಬನ್ನಿ ಹಿಡಿದು ಬಂದು, ಗಾಡಿ ನಿಲ್ಲುವ ಜಾಗ ಖಾಲಿ ಇದ್ದದ್ದನ್ನು ನೋಡಿ ನಿಂತರು. ನೀಲವ್ವ, ‘ಗಾಡಿ ಎಲ್ಲೈತ್ರಿ ಅಣ್ಣಾರ?’ ಎಂದು ನನ್ನನ್ನೇ ಕೇಳಿದಳು. ಅಂಗಳದಲ್ಲಿ ಕಟ್ಟೆಯ ಗೆಳೆಯರ ನಡುವೆ ಕೂತಿದ್ದ ಮಾವನವರು ಎದ್ದು ಬಂದು, ‘ಗಾಡೀಗೆ ಆರಾಮ ಇಲ್ಲವಾ. ಮಾಸ್ತರ ಕೈಯಾಗ ಕೊಡ್ರಿ, ಅವರು ಮುಟ್ಟಸ್ತಾರ’ ಎಂದರು. ನನ್ನನ್ನು ತೋಳು ಹಿಡಿದು ತಂದು, ಗಾಡಿ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು. ನಾನು ಬೊಗಸೆ ಒಡ್ಡಿದೆ. ಎರಡು ವರ್ಷ ಗಾಡಿಯ ಹೆಸರಿನಲ್ಲಿ ಮೆರೆದವನು ಈಗ ಗಾಡಿಯ ಬದಲಿಗೆ ನಿಂತೆ.

ನೀಲವ್ವ ಮೊದಲ ಬನ್ನಿ ಹಾಕಲು ಕೈ ಎತ್ತಿದಳು. ‘ತಡಿಯವಾ’ ಎಂದು ಮಾವನವರು ಅವಳನ್ನು ನಿಲ್ಲಿಸಿದರು. ನನ್ನ ಬೊಗಸೆಯ ಕೆಳಗೆ ತಮ್ಮ ಕೈ ತಂದು, ಬಾನೆಟ್ಟನ್ನು ನೋಡುತ್ತಿದ್ದ ಹಾಗೆಯೇ, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

‘ಸಂದಿ ಮುಚ್ಚಿ ಹಿಡೀರಿ ಮಾಸ್ತರ’ ಎಂದರು. ‘ಇಳೀತಾವ.’

ನಾನು ಬೆರಳು ಬಿಗಿ ಮಾಡಿ ಹಿಡಿದೆ. ಆದರೂ ಮೂರೋ ನಾಲ್ಕೋ ಎಲೆ ಜಾರಿ ಕೆಳಗೆ ಬಿದ್ದವು. ಎರಡೂ ಕೈ ತುಂಬಿ ನಿಂತಿದ್ದ ನನಗೆ ಬಗ್ಗಲು ಬರುವಂತಿರಲಿಲ್ಲ. ಕಣ್ಣು ಕಾಣದ ಮಾವನವರೇ ಬಗ್ಗಿ, ನನ್ನ ಕಾಲ ಸುತ್ತ ನೆಲ ತಡವುತ್ತ, ಒಂದೊಂದನ್ನೇ ಹುಡುಕಿ ಎತ್ತಿಕೊಂಡರು.